ಸುಟ್ಟ ಮೋಟಾರಿನ ತಾಮ್ರ

ಬನಹಟ್ಟಿ,
ಭಾನುವಾರ, ೯ ಮಾರ್ಚ್ ೨೦೨೫

ಮಗಳು ಉಮಾಶ್ರೀಗೆ,

ನಿನ್ನ ಅವ್ವ ಮಾಯವ್ವನ ತುಂಬು ಮನಸ್ಸಿನ ಆಶೀರ್ವಾದ. ನಾನೂ ನಿನ್ನ ಅಪ್ಪನೂ ಗಟ್ಟಿಯಾಗಿದ್ದೇವೆ. ಮುಧೋಳದ ಬಿಸಿಲಿಗೆ ನೀನು ಸೊರಗಿಲ್ಲ ಎಂದುಕೊಂಡಿದ್ದೇನೆ. ಸಾಲೆಯಲ್ಲಿ ಪರೀಕ್ಷೆಯ ಗದ್ದಲ ಅಂತೆ, ನಿನ್ನ ಅಪ್ಪ ಹೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು.

ನೀನು ಮೊಬೈಲಿಗೆ ಕಳಿಸಿದ ಎರಡು ಸಾಲಿಗೆ ಉತ್ತರ ಕೊಡಲು ನಾನು ಇಪ್ಪತ್ತು ದಿನ ತೆಗೆದುಕೊಂಡೆ. ತಪ್ಪಾಯಿತು. "ಅವ್ವಾ, ಲಗ್ನ ಆಗೂತನ ಆ ತಾಮ್ರದ ಕೆಲಸ ಬಂದ್ ಮಾಡು. ಸಾವಳಗಿ ಬೀಗರು ಮಾತಾಡಾಕತ್ತಾರ." ಇಷ್ಟೇ ನೀನು ಬರೆದದ್ದು. ಓದಿ ಫೋನನ್ನು ಬೋರಲು ಹಾಕಿ ಇಟ್ಟೆ. ತಿರುಗಿ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಬಾಯಿ ಮುಂದೆ ಓಡುತ್ತದೆ. ನೀನು "ಗಂಟಿ ಹೊಡೀತವ್ವಾ, ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಹೆಬ್ಬೆರಳಿಗೂ ಉಂಗುರಬೆರಳಿಗೂ ನಡುವೆ ಪೆನ್ನು ಸಿಕ್ಕಿಸಿ ಬರೆಯುತ್ತಿದ್ದೇನೆ. ಅಕ್ಷರ ಆಚೆ ಈಚೆ ವಾಲಿದರೆ ನೀನು ಕಲಿಸುವ ಹುಡುಗರ ನೋಟುಬುಕ್ಕಿಗೆ ಎಳೆಯುವ ಹಾಗೆ ಕೆಂಪು ಗೆರೆ ಎಳೆಯಬೇಡ. ಗಲಗಲಿ ಸಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮಾಸ್ತರರು, ಪತ್ರವೆಂದರೆ ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಎಂದು ಬೆತ್ತ ಹಿಡಿದು ಕಲಿಸಿದ್ದರು. ಆ ಅಂಜಿಕೆ ಇನ್ನೂ ಹೋಗಿಲ್ಲ ನೋಡು.

ಮೊದಲೇ ಹೇಳಿಬಿಡುತ್ತೇನೆ. ಕೆಲಸ ನಿಲ್ಲಿಸಿಲ್ಲ. ನಿಲ್ಲಿಸುವುದೂ ಇಲ್ಲ. ಯಾಕೆ ಎಂದು ತಿಳಿಯಬೇಕಾದರೆ ಪೂರ್ತಿ ಓದು. ನೀನು ಮುಧೋಳ ಸೇರಿದ ಮೇಲೆ ಹಬ್ಬ ಹುಣ್ಣಿಮೆಗೆ ಎರಡು ದಿನ ಬಂದು ಹೋಗುವವಳು. ಮೂಲೆಯಲ್ಲಿ ತಂತಿಯ ಸುರುಳಿ ಕಂಡು "ಇದೇನ ಗುಜರಿ ಅವ್ವಾ" ಎಂದು ನಕ್ಕದ್ದು ಬಿಟ್ಟರೆ, ಏನು ನಡೆದಿದೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ವರ್ಷದ ಹಿಂದೆ ಮಗ್ಗದ ಹಲ್ಲುಗಾಲಿಗೆ ನನ್ನ ಬಲಗೈ ಸಿಕ್ಕಿ ತೋರುಬೆರಳು, ನಡುಬೆರಳು ಎರಡೂ ಹೋದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಅದರ ಮುಂದಿನದು. ಕೈ ಮಾಗಿದ ಮೇಲೆ ಒಂದು ದಿನ ನಿನ್ನ ಅಪ್ಪನಿಗೂ ಹೇಳದೆ ಮಾಲೀಕರ ಬಳಿ ಹೋಗಿದ್ದೆ. ಮಗ್ಗ ನಡೆಸಲು ಆಗದಿದ್ದರೆ ಬೇಡ, ನೂಲಿನ ಕಂಡಿಕೆ ಸುತ್ತುವ ಕೆಲಸವಾದರೂ ಕೊಡಿ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದರು. "ಕಂಡಕಿಗೂ ಐದ ಬೆರಳ ಬೇಕವಾ. ಮನ್ಯಾಗ ಆರಾಮ ಇರು" ಎಂದರು. ಹದಿನೆಂಟು ವರ್ಷ ದುಡಿದ ಜಾಗ. ಹೊರಗೆ ಬರುವಾಗ ಬಾಗಿಲ ಬಳಿ ಬುಟ್ಟಿಯಲ್ಲಿ ನೂಲು ಸುತ್ತುವ ಹಳೆಯ ಮರದ ಕಂಡಿಕೆಗಳು ಬಿದ್ದಿದ್ದವು. ಸಿಟ್ಟಿನಲ್ಲಿ ಒಂದನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಕದ್ದದ್ದು ಎಂದರೂ ಸರಿ.

ಆರಾಮ ಇರುವುದೆಂದರೆ ಏನು ಗೊತ್ತೇ? ಪಕ್ಕದ ಮನೆಯ ಕೆಂಪವ್ವ ದಿನಾ ಬಂದು ರೊಟ್ಟಿ ಬಡಿದುಕೊಡುತ್ತಿದ್ದಳು. ಅವಳ ಮನಸ್ಸು ಒಳ್ಳೆಯದೇ. ಆದರೆ ಬಡಿಯುತ್ತ ಬಡಿಯುತ್ತ "ನಿನ್ನ ಹಣ್ಯಾಗ ಹಿಂಗ ಬರದಿತ್ತವಾ" ಎನ್ನುತ್ತಿದ್ದಳು. ಆರು ತಿಂಗಳು ಆ ರೊಟ್ಟಿಯ ಜೊತೆಗೆ ಆ ಮಾತನ್ನೂ ನುಂಗಿದೆ. ಒಂದು ದಿನ ನಾನೇ ಹಿಟ್ಟಿಗೆ ಕೈ ಹಾಕಿದೆ. ರೊಟ್ಟಿ ಸೊಟ್ಟಗಾಯಿತು, ನಡುವೆ ಹರಿಯಿತು. ನಿನ್ನ ಅಪ್ಪ ಮೂರು ತಿಂದರು.

ಆಗಲೇ ಮೊಬೈಲಿನಲ್ಲಿ ಒಬ್ಬ ಹುಡುಗಿಯ ವಿಡಿಯೊ ಕಂಡದ್ದು. ಮನೆಯಲ್ಲೇ ಕುಳಿತು ತಾಮ್ರದ ತಂತಿಯಿಂದ ಉಂಗುರ ಮಾಡುತ್ತಿದ್ದಳು. ಹಿಂದಿಯಲ್ಲಿ ಏನೇನೋ ಹೇಳುತ್ತಿದ್ದಳು, ನನಗೆ ಅದು ಬೇಕಿರಲಿಲ್ಲ. ಸಪ್ಪಳ ತೆಗೆದು ಅವಳ ಕೈ ಮಾತ್ರ ನೋಡಿದೆ. ಇಪ್ಪತ್ತು ಸಲವಾದರೂ ನೋಡಿದ್ದೇನೆ. ತಂತಿ ಬಾಗಿಸುವಾಗ ಆ ಹುಡುಗಿ ತೋರುಬೆರಳನ್ನು ಸುಮ್ಮನೆ ಮೇಲೆತ್ತಿ ಹಿಡಿದಿರುತ್ತಿದ್ದಳು. ಅವಳಿಗೇ ಬೇಡವಾದ ಬೆರಳು ನನಗೆ ಯಾಕೆ ಬೇಕು?

ತಾಮ್ರವನ್ನು ತಂದವರು ನಿನ್ನ ಅಪ್ಪ. ನೂಲಿನ ಗಂಟು ಹೇರುವ ಟೆಂಪೊ ಓಡಿಸುವವರಿಗೆ ಊರಿನ ಎಲ್ಲ ಅಂಗಡಿಯೂ ಗೊತ್ತು. ಮಗ್ಗದ ಮೋಟಾರು ಸುಟ್ಟರೆ ದುಂಡೇಶನ ವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಅವನು ಸುಟ್ಟ ತಂತಿ ಕಿತ್ತು ಹೊಸದು ಸುತ್ತುತ್ತಾನೆ. ಆ ಕಿತ್ತ ತಂತಿ ಬೇಕು ಎಂದೆ. "ಎದಕ್ಕ?" ಎಂದರು. "ಬೇಕು" ಎಂದೆ. ಸಂಜೆ ಒಂದು ಚೀಲ ತಂದು ಇಟ್ಟರು, ಹಿಂದೆ ದುಂಡೇಶನೂ ಬಂದಿದ್ದ. "ವೈನಿ, ಎಲ್ಲಾ ಕರ್ರಗ ಆಗೇತ್ರಿ. ಇದರಾಗ ಏನ ಮಾಡ್ತೀರಿ?" ಎಂದು ಕೇಳಿದ. ನನಗೂ ಗೊತ್ತಿರಲಿಲ್ಲ. ನೋಡ್ತೀನಿ ಎಂದೆ.

ಆ ತಂತಿಗೆ ಮೇಲೊಂದು ಬಣ್ಣದ ಲೇಪ ಇರುತ್ತದೆ. ಹಿತ್ತಲಿನಲ್ಲಿ ಸುಟ್ಟೆ. ಕರಿ ಹೊಗೆ ಎದ್ದು ಓಣಿಯೆಲ್ಲ ನಾತ. ಕೆಂಪವ್ವ ಗೋಡೆಯ ಮೇಲಿಂದ ಇಣುಕಿ "ಯಾರನ್ನ ಸುಡಾಕತ್ತೀ ಬೇ?" ಎಂದು ಕೂಗಿದಳು. ಅದಾದ ಮೇಲೆ ಸುಡುವುದು ಬಿಟ್ಟು ಉಜ್ಜುಕಾಗದದಿಂದ ತಿಕ್ಕಿ, ಹುಣಸೆಹುಳಿಯಲ್ಲಿ ತೊಳೆದೆ. ಒಳಗಿಂದ ಬಂತು ನೋಡು ಬಣ್ಣ. ಹಸಿ ಕೆಂಪು. ಅಂಗೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕುಳಿತೆ.

ಮೊದಲ ತಿಂಗಳು ಎಲ್ಲ ಮುರಿದದ್ದೇ. ಎರಡು ಸಲ ಬಾಗಿಸಿದರೆ ತಂತಿ ಸೆಟೆದು ಪಟ್ಟನೆ ತುಂಡಾಗುತ್ತಿತ್ತು. ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ ಎಂಬುದು ಆ ಹುಡುಗಿಯ ಇನ್ನೊಂದು ವಿಡಿಯೊ ನೋಡಿದಾಗ ತಿಳಿಯಿತು. ತಂತಿ ಹಿಡಿದು ಬಾಗಿಸುವ ಪಕ್ಕಡದ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದೆ, ಮೂರು ಬೆರಳಿಗೆ ಜಾರದ ಹಾಗೆ. ಮಾಲೀಕರ ಬಾಗಿಲಿನಿಂದ ತಂದ ಕಂಡಿಕೆಗೆ ತಂತಿ ಸುತ್ತಿ ಉಂಗುರ ಮಾಡಿದೆ. ಒಂದು ತುದಿ ಸಪೂರ, ಒಂದು ತುದಿ ದಪ್ಪ, ಯಾವ ಅಳತೆಯ ಬೆರಳಿಗೂ ಅದರಲ್ಲಿ ಜಾಗವಿದೆ. ಕಂಡಿಕೆಗೆ ಐದು ಬೆರಳು ಬೇಕಂತೆ. ನಾನು ಅದರ ಮೇಲೆ ಇವತ್ತಿಗೆ ನಾನೂರು ಉಂಗುರ ಸುತ್ತಿದ್ದೇನೆ.

ಬೆಸುಗೆ ಮಾತ್ರ ವಿಡಿಯೊ ನೋಡಿ ಬರಲಿಲ್ಲ. ಎರಡು ತುದಿ ಕೂಡಿಸಿದರೆ ಮರುದಿನ ಬಾಯಿ ಬಿಟ್ಟಿರುತ್ತಿತ್ತು. ರಬಕವಿಯಲ್ಲಿ ಯಲ್ಲಾಲಿಂಗ ಪತ್ತಾರ ಎಂಬ ಮುದುಕರಿದ್ದಾರೆ. ಮೊದಲು ಬೆಳ್ಳಿಬಂಗಾರದ ಕೆಲಸಕ್ಕೆ ಹೆಸರಾದವರು. ಈಗ ಎಲ್ಲರೂ ಅಂಗಡಿಯ ತಯಾರ್ ಮಾಲು ಕೊಳ್ಳುವುದರಿಂದ ಅವರು ಕಟ್ಟೆಯ ಮೇಲೆ ಕುಳಿತು ದಾರಿ ನೋಡುತ್ತಾರೆ, ಮಕ್ಕಳು ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಹೋಗಿ ಕಲಿಸಿರಿ ಎಂದೆ.

"ಪತ್ತಾರರ ಹೊಟ್ಟ್ಯಾಗ ಹುಟ್ಟಿದ ನನ್ನ ಮಕ್ಕಳಿಗೇ ಬ್ಯಾಡಾಗೇತಿ. ಕುರುಬರ ಹೆಣ್ಣಮಗಳಿಗೆ ಎದಕ್ಕವಾ?"

"ಅವರಿಗೆ ಬ್ಯಾಡಾದದ್ದು ನನಗ ಕೊಡ್ರಿ."

"ಊದಗೊಳವಿ ಒಂದ ಕೈಯಾಗ, ಚಿಮಟಾ ಒಂದ ಕೈಯಾಗ ಹಿಡೀಬೇಕು. ನಿನ್ನ ಕೈ ನೋಡ್ಕೊ."

"ಊದೂದು ಬಾಯಿಲೇ ಅಲ್ರಿ. ನನ್ನ ಬಾಯಾಗ ಏನೂ ಕಡಿಮಿ ಆಗಿಲ್ಲ."

ಮುದುಕರು ನಕ್ಕರು. "ಅದ ಗೊತ್ತಾತು. ಕುಂಡ್ರು" ಎಂದರು.

ಉಮಾ, ಎಂಟು ತಿಂಗಳು ಕುಳಿತೆ. ವಾರಕ್ಕೆ ಎರಡು ದಿನ. ಬೆಸುಗೆ ಹಿಡಿಯಲು ಬಿಳಿಗಾರ ಎಷ್ಟು ಹಚ್ಚಬೇಕು, ಬೆಂಕಿಯ ನಾಲಗೆ ಎಲ್ಲಿ ತಾಕಬೇಕು, ಎಲ್ಲಿ ತಾಕಬಾರದು, ಎಲ್ಲ ಬೈದು ಬೈದೇ ಹೇಳಿಕೊಟ್ಟರು. ಛಲೋ ಆತು ಎಂಬ ಮಾತು ಅವರ ಬಾಯಿಂದ ಒಂದು ದಿನವೂ ಬರಲಿಲ್ಲ. ಬೆಳ್ಳಿಗೆ ಕೈ ಹಚ್ಚುವ ದಿನ ಬಂದಾಗ ನಾನು ನನ್ನ ತವರಿನ ಕಾಲಕಡಗ ಒಯ್ದಿದ್ದೆ. ಒಂದನ್ನು ಬಡಿದು ತಗಡು ಮಾಡಿ, ಕತ್ತರಿಸಿ, ಬೆಸೆಯುವಾಗ ಒಂದು ಉಸಿರು ಹೆಚ್ಚು ಊದಿದೆ. ಕಣ್ಣ ಮುಂದೆಯೇ ಕರಗಿ ಗುಂಡಾಗಿ ಉರುಳಿತು. "ಬೆಳ್ಳಿ ಕೆಂಪಗ ಆತಂದ್ರ ಬೆಂಕಿ ತಗೀಬೇಕು. ಹೊಳ್ಯಾಕ ಹತ್ತಿತಂದ್ರ ಅದು ನಿನ್ನ ಮಾತ ಕೇಳಂಗಿಲ್ಲ" ಎಂದರು ಪತ್ತಾರರು. ಮನೆಗೆ ಬಂದಾಗ ನಿನ್ನ ಅಪ್ಪ ಆ ಗುಂಡು ನೋಡಿ ಬಾಗಿಲಿನಲ್ಲೇ ನಿಂತುಬಿಟ್ಟರು. "ನಿಮ್ಮವ್ವ ಕೊಟ್ಟದ್ದಲ್ಲೇನ ಅದು?" ಎಂದರು. ಗುಂಡಾದರೂ ಬೆಳ್ಳಿ ಬೆಳ್ಳಿಯೇ, ಮತ್ತೆ ಬಡಿಯುತ್ತೇನೆ ಎಂದೆ. ಆ ರಾತ್ರಿ ಉಣ್ಣಲು ಆಗಲಿಲ್ಲ, ಅದನ್ನು ಅವರಿಗೆ ಹೇಳಲಿಲ್ಲ. ಮರುವಾರ ಮತ್ತೆ ಬಡಿದೆ.

ಅದೇ ಬೆಳ್ಳಿಯಿಂದ ಮಾಡಿದ್ದು ನನ್ನ ಮೊದಲ ಕಿವಿಯೋಲೆ. ನಮ್ಮ ಸೀರೆಯ ಸೆರಗಿನಲ್ಲಿ ನಾನು ಇಷ್ಟು ವರ್ಷ ನೇಯ್ದ ತೆನಿ ಇದೆಯಲ್ಲ, ಗರಗಸದ ಹಲ್ಲಿನಂತೆ ಏರಿ ಇಳಿಯುವುದು, ಅದೇ ಹಲ್ಲನ್ನು ತಾಮ್ರದಲ್ಲಿ ಕತ್ತರಿಸಿ ಬೆಳ್ಳಿಯ ಅಂಚು ಕಟ್ಟಿದೆ. ಅಂಟುವಾಳದ ನೊರೆಯಲ್ಲಿ ತಿಕ್ಕಿ ಒರೆಸಿದಾಗ ಕೆಂಪೂ ಬಿಳುಪೂ ಒಟ್ಟಿಗೆ ಹೊಳೆಯಿತು. ಅದನ್ನು ನಾನೇ ಹಾಕಿಕೊಂಡಿದ್ದೇನೆ. ಮಾರಿಲ್ಲ.

ಒಂದು ದಿನ ರಬಕವಿಯಿಂದ ಗುರುಬಾಯಿ ಎಂಬ ಹೆಂಗಸು ತುಂಡಾದ ಕಾಲ್ಚೈನು ಹಿಡಿದು ಮನೆ ಹುಡುಕಿಕೊಂಡು ಬಂದಳು. "ಪತ್ತಾರಜ್ಜ ಕಳಿಸ್ಯಾನ್ರಿ. ನನಗ ಕಣ್ಣ ಕಾಣಂಗಿಲ್ಲ, ಬನಹಟ್ಟ್ಯಾಗ ಮಾಯವ್ವ ಅದಾಳ, ಆಕಿ ಕಡೆ ಒಯ್ಯಿ ಅಂದಾ" ಎಂದಳು. ನನ್ನೆದುರು ಒಂದು ಒಳ್ಳೆಯ ಮಾತಾಡದ ಮುದುಕರು ಬೆನ್ನ ಹಿಂದೆ ಹೀಗೆ ಹೇಳಿದ್ದಾರೆ. ಅವಳನ್ನು ಕೂರಿಸಿ ಚಾ ಕೊಟ್ಟು, ಅವಳೆದುರೇ ಬೆಸೆದೆ. ಅವಳು ಎಳೆದು ನೋಡಿದಳು, ಬೆಸುಗೆ ಬಿಡಲಿಲ್ಲ.

ಇನ್ನು ಸಾವಳಗಿಯವರ ಮಾತು.

ಜನವರಿಯಲ್ಲಿ ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಸಂಘಗಳ ಮಾರಾಟ ಮೇಳ ಆಯಿತು. ನಮ್ಮ ಸಂಘದವರು ನನಗೂ ಒಂದು ಟೇಬಲ್ ಕೊಡಿಸಿದರು. ಪಕ್ಕದಲ್ಲಿ ತೇರದಾಳದ ರಾಜಮತಿಯವರು ಶೇಂಗಾ ಚಟ್ನಿ, ಹಪ್ಪಳ ಇಟ್ಟಿದ್ದರು. ನಾನು ಅಲ್ಲೇ ಕುಳಿತು ಬಳೆ ಹೆಣೆಯುತ್ತಿದ್ದೆ, ಎರಡೆಳೆ ತಾಮ್ರ, ಒಂದೆಳೆ ಬೆಳ್ಳಿ. ಅವರು ಬಹಳ ಹೊತ್ತು ನೋಡಿ ಮೊಬೈಲು ತೆಗೆದರು. "ಅಕ್ಕಾರ, ವಿಡಿಯೊ ಮಾಡ್ಲೇನ್ರಿ? ಕೈ ಬ್ಯಾಡಂದ್ರ ಬರೇ ಮಾರಿ ತಗೀತೀನಿ" ಎಂದರು, ಪಾಪ, ಸಂಕೋಚದಿಂದಲೇ. ನಾನು "ಕೈನ ತಗೀರಿ. ಮಾರಿ ಬ್ಯಾಡ" ಎಂದೆ. ಅವರು ಕೆಳಗೆ 'ಬನಹಟ್ಟಿಯ ಮಾಯವ್ವ' ಎಂದು ಬರೆದು ಹಾಕಿದರು. ಅದು ಊರೂರು ತಿರುಗಿ ನಿನ್ನ ಅತ್ತೆಯಾಗುವ ಮರೆವ್ವನ ಮೊಬೈಲಿಗೂ ಹೋಯಿತು.

ನಿನ್ನ ಸಂದೇಶ ಬಂದು ಹತ್ತು ದಿನಕ್ಕೆ ಮರೆವ್ವ ತಾವೇ ಬಂದರು, ಜೊತೆಗೆ ಅವರ ಅಣ್ಣ. ಲಗ್ನದ ಸೀರೆ ನೋಡಲು ಬಂದೆವು ಎಂದರು. ಸೀರೆಯ ಮಾತು ಎರಡು ನಿಮಿಷಕ್ಕೆ ಮುಗಿಯಿತು.

"ಬೀಗತಿ, ಸಿಟ್ಟಾಗಬ್ಯಾಡ್ರಿ" ಎಂದರು ಮರೆವ್ವ. "ಅವತ್ತ ಏನೋ ಸಣ್ಣ ಪೆಟ್ಟು ಅಂತ ತಿಳಕೊಂಡಿದ್ವಿ. ನಮ್ಮ ಮಂದಿ ಬಾಯಿ ಭಾಳ ಕೆಟ್ಟದ್ದೈತಿ. ಬೀಗತಿ ಕೈ ಸಂತ್ಯಾಗ ಇಟ್ಟಾಳ ಅಂತಾರ. ಲಗ್ನ ಆಗೂತನ ಈ ಕೆಲಸ ಬಂದ್ ಇಡ್ರಿ. ಮತ್ತ ಅರಿಷಿಣ ಹಚ್ಚೂದು, ಆರತಿ ಬೆಳಗೂದು ನಿಮ್ಮ ನಾದಿನಿ ಕಡಿಂದ ಮಾಡಸ್ರಿ."

"ಯಾಕ್ರಿ?"

"ಊನ ಆದ ಕೈ. ಮಂಗಲ ಕಾರ್ಯ. ನಾ ಬಿಡಿಸಿ ಹೇಳಬೇಕೇನ್ರಿ?"

ನಿನ್ನ ಅಪ್ಪ ನೆಲ ನೋಡುತ್ತ ಕುಳಿತಿದ್ದರು. ನಾನು ಎದ್ದು ನಿಂತೆ. ಎದ್ದು ನಿಲ್ಲದೆ ಆ ಮಾತು ಬರುವಂತಿರಲಿಲ್ಲ. "ಇದ ಕೈ ಮಗ್ಗ ಹೊಡದು ನಿಮ್ಮ ಸೊಸಿನ್ನ ಟೀಚರ್ ಮಾಡೇತ್ರಿ. ಅವಾಗ ಐದೂ ಬೆರಳ ಇದ್ದೂ. ಎರಡ ಹ್ವಾದ್ರ ಕೈ ಬ್ಯಾರೆಯವರದ ಆಕ್ಕೈತೇನ್ರಿ? ನಾವು ನಿಮ್ಮ ಮನಿಗೆ ಕೊಡಾಕತ್ತಿದ್ದು ಮಗಳನ್ನ. ಕೈ ನಂದು. ಅದಕ್ಕ ಏನ ಕೆಲಸ ಹಚ್ಚಬೇಕನ್ನೂದು ನನಗ ಬಿಡ್ರಿ. ಅರಿಷಿಣಾನೂ ನಾನ ಹಚ್ಚತೀನಿ."

ಅವರ ಅಣ್ಣ ಕೆಮ್ಮಿದರು. ನಿನ್ನ ಅಪ್ಪ ಆಗ ಮೊದಲ ಸಲ ಬಾಯಿ ತೆಗೆದು "ಬೀಗರ, ಚಾ ಆರತೈತ್ರಿ" ಎಂದರು. ಎಲ್ಲರೂ ಚಾ ಕುಡಿದೆವು.

ಅವರು ಹೋದ ಮೇಲೆ ನಿನ್ನ ಅಪ್ಪ ಕೇಳಿದರು, "ಲಗ್ನ ಮುರದ್ರ?" ಮುರಿದರೆ ಮುರಿಯಲಿ ಎಂದೆ. ಬಾಯಿಂದ ಬಂದುಬಿಟ್ಟಿತು. ಸುಳ್ಳು ಯಾಕೆ ಹೇಳಲಿ, ಅಂಜಿದೆ. ಲಗ್ನ ನಿನ್ನದು. ನಿನಗೆ ಅವರ ಮಗ ಗುರುಪಾದ ಮನಸ್ಸಿಗೆ ಬಂದಿದ್ದಾನೆ ಎಂಬುದು ನಿನ್ನ ದನಿಯಲ್ಲೇ ನನಗೆ ತಿಳಿಯುತ್ತದೆ. ನಾಲ್ಕು ದಿನ ಅಗ್ಗಿಷ್ಟಿಕೆಗೆ ಬೆಂಕಿ ಹಾಕಲಿಲ್ಲ. ಸಾಮಾನು ಎಲ್ಲ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಿದ್ದೆ. ಐದನೆಯ ದಿನ ನಿನ್ನ ಅಪ್ಪನೇ ಗಂಟು ಇಳಿಸಿ ನನ್ನ ಮುಂದೆ ಇಟ್ಟರು. "ನೀ ಸುಮ್ಮಕ ಕುಂತ್ರ ಮನಿ ಬಿಕೋ ಅಂತೈತಿ" ಎಂದು ಹೇಳಿ ಟೆಂಪೊ ಹತ್ತಿ ಹೋದರು.

ಹೋದ ಬುಧವಾರ ಗುರುಪಾದ ಫೋನ್ ಮಾಡಿದ್ದ. "ಅತ್ತೀ, ಅವ್ವ ಬಂದು ಏನ ಮಾತಾಡ್ಯಾಳ ಅನ್ನೂದು ಗೊತ್ತಾತ್ರಿ. ನನಗ ಏನೂ ಅಡ್ಡಿ ಇಲ್ಲ. ಅರಿಷಿಣ ನೀವ ಹಚ್ಚ್ರಿ. ಅವ್ವಗ ಹೇಳೇನಿ, ಸಿಟ್ಟ ಮಾಡ್ಕೊಂಡಾಳ, ಇಳೀತೈತ್ರಿ" ಎಂದ. ಆಮೇಲೆ, "ನಿಮ್ಮ ಕೈ ಹಿಂಗಾಗೇತಿ ಅಂತ ನನಗೂ ಆ ವಿಡಿಯೊ ನೋಡೇ ಗೊತ್ತಾತ್ರಿ. ಉಮಾಶ್ರೀ ಹೇಳಿರಲಿಲ್ಲ" ಎಂದ. ದೂರಿದ ಹಾಗೆ ಹೇಳಲಿಲ್ಲ. ಒಳ್ಳೆಯ ಹುಡುಗ.

ಹೀಗಾಗಿ ಲಗ್ನ ಬಸವ ಜಯಂತಿ ಕಳೆದು ಹಿಡಿದ ಮುಹೂರ್ತಕ್ಕೇ ಆಗುತ್ತದೆ, ಚಿಂತೆ ಮಾಡಬೇಡ. ನಾನು ದಿನಾ ಕೆಲಸ ಮಾಡುತ್ತೇನೆ. ನಿನಗಾಗಿ ಏನೂ ಮಾಡಿಟ್ಟಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಿನಗೆ ಬೇಕೆನಿಸಿದರೆ ಕೇಳು, ಏನು ಬೇಕೋ ಅದನ್ನು ಮಾಡುತ್ತೇನೆ. ಬೇಡವಾದರೆ ಅಂಗಡಿಯದು ಹಾಕಿಕೋ. ಕೇಳದೆ ಕೊಟ್ಟು, ನೀನು ಪೆಟ್ಟಿಗೆಯ ತಳಕ್ಕೆ ಇಡುವುದು ನನಗೆ ಬೇಡ.

ಬೀರಪ್ಪ ದೇವರು ನಿನ್ನನ್ನು ಸುಖವಾಗಿ ಇಡಲಿ. ಹೋದ ಮನೆಯಲ್ಲಿ ನಿನ್ನ ಮಾತಿಗೆ ಬೆಲೆ ಇರಲಿ, ನಿನ್ನ ಕೈಗೆ ಎಂದೂ ಕೆಲಸ ತಪ್ಪದಿರಲಿ. ಬಿಸಿಲಿನಲ್ಲಿ ತಿರುಗಬೇಡ.

ನಿನ್ನ ಅವ್ವ,
ಮಾಯವ್ವ ಹೊಳೆಪ್ಪ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇಪ್ಪತ್ತು ದಿನ ತಡವಾದದ್ದು ಸಾವಳಗಿಯವರಿಂದಲ್ಲ, ಮಗಳೇ.

ಡಿಸೆಂಬರಿನಲ್ಲಿ ಅವರು ಕನ್ಯಾ ನೋಡಲು ಬಂದ ದಿನ ಬೆಳಿಗ್ಗೆ ನೀನು ಔಷಧಿ ಅಂಗಡಿಯಿಂದ ಬಿಳಿ ಪಟ್ಟಿ ತಂದೆ. ಮಾಗಿ ಮೂರು ವರ್ಷವಾಗುತ್ತ ಬಂದ ಕೈಗೆ, ಹಸಿ ಗಾಯಕ್ಕೆ ಕಟ್ಟಿದ ಹಾಗೆ, ಮೆಲ್ಲಗೆ ಸುತ್ತಿದೆ. "ಬಿಗಿ ಆತೇನವ್ವಾ?" ಎಂದು ಕೂಡ ಕೇಳಿದೆ. ನಾನು ಇಲ್ಲ ಎಂದೆ. ಮರೆವ್ವ ಕೈಗೇನಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ನೀನು ಒಳಗಿನಿಂದ "ಕುಕ್ಕರಿನ ಉಗಿ ತಾಗೇತ್ರಿ, ಎಂಟ ದಿನದಾಗ ಆರಾಮ ಆಗ್ತೈತಿ" ಎಂದೆ. ಅವರು ಹೋದ ಮೇಲೆ ನಿನಗೆ ಬಸ್ಸಿನ ಅವಸರ. ಪಟ್ಟಿಯನ್ನು ನಾನೇ ಹಲ್ಲಿನಿಂದ ಬಿಚ್ಚಿಕೊಂಡೆ. ಅಷ್ಟು ಚೆನ್ನಾಗಿ ಕಟ್ಟಿದ್ದೆ ನೀನು.

ಆ ಮಾಲೀಕರು ನನ್ನ ಕೈ ನೋಡಿದರು, ಕೆಂಪವ್ವ ನೋಡಿದಳು, ಈಗ ಊರೂರು ನೋಡಿದೆ. ನೋಡಲಿ. ನೀನು ನೋಡಲಾರದೆ ಹೋದದ್ದನ್ನು ಮಾತ್ರ ನಾನು ಇನ್ನೂ ನುಂಗಲು ಆಗಿಲ್ಲ. ಬೈಯುವುದಕ್ಕೆ ಬರೆದದ್ದಲ್ಲ, ನಿನಗೆ ತಿಳಿದಿರಲಿ ಎಂದು.

ಲಗ್ನದ ದಿನ ಪಟ್ಟಿ ತರಬೇಡ. ಎಲ್ಲರ ಎದುರು, ಎಲ್ಲರಿಗಿಂತ ಮೊದಲು, ಈ ಕೈಯಿಂದಲೇ ನಿನಗೆ ಅರಿಷಿಣ ಹಚ್ಚುತ್ತೇನೆ. ನೀನು ಮುಖ ತಿರುಗಿಸಿದರೆ, ತಿರುಗಿಸು. ಈಚೆಯ ಕೆನ್ನೆಗೆ ಹಚ್ಚುತ್ತೇನೆ.